ತೆರೆಯ ಹಾವು, ಗದ್ದೆಯ ಕಾಲು

ತೆರೆಯ ಮೇಲಿನ ಹಾವು ಚೆಂದ. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡೋಣ. ಹೊಳೆಯುವ ಮೈ, ಹರಳಿನಂಥ ಕಣ್ಣು, ನೀರು ಹರಿದಂತೆ ಹರಿಯುವ ನಡೆ. ಬಳ್ಳಾರಿಯ ಬ್ರೂಸ್‌ಪೇಟೆಯಂಥ ಓಣಿಗಳಲ್ಲಿ ಇವತ್ತು ಮನೆಗೆ ಹಾವು ಹೊಕ್ಕಿತು ಅಂದರೆ ಹಿರಿಯರು ಕೋಲು ಹುಡುಕುತ್ತಾರೆ, ಶಾಲೆಗೆ ಹೋಗುವ ಹುಡುಗರು "ಹೊಡೀಬ್ಯಾಡ್ರಿ, ಅದು ಕೇರೆ ಹಾವು, ಇಲಿ ತಿಂತೈತಿ, ಹಿಡಿಯೋರಿಗೆ ಫೋನ್ ಮಾಡ್ರಿ" ಅನ್ನುತ್ತಾರೆ. ಈ ಮಾತನ್ನು ಅವರಿಗೆ ಗುಡಿ ಕಲಿಸಲಿಲ್ಲ, ಮಠ ಕಲಿಸಲಿಲ್ಲ. ಟಿವಿಯಲ್ಲಿ, ಈಗ ಮೊಬೈಲಿನಲ್ಲಿ ಬರುವ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರಗಳು ಕಲಿಸಿದವು.

ಅವು ಇನ್ನೂ ಒಂದು ಕೆಲಸ ಮಾಡಿದವು. ಹಾಲು ಹಾವಿನ ಆಹಾರವಲ್ಲ ಎಂದವು. ಹಾವು ಪುಂಗಿಯ ನಾದಕ್ಕೆ ತಲೆದೂಗುವುದಿಲ್ಲ, ಎದುರಿಗೆ ಅಲ್ಲಾಡುವ ಪುಂಗಿಯನ್ನು ನೋಡಿ ತಾನೂ ಅಲ್ಲಾಡುತ್ತದೆ ಎಂದವು. ನೆನಪಿಟ್ಟುಕೊಂಡು ಬಂದು ಹಗೆ ತೀರಿಸಿಕೊಳ್ಳುವಷ್ಟು ಪುರುಸೊತ್ತು ಅದಕ್ಕಿಲ್ಲ ಎಂದವು. ಮಕ್ಕಳಾಗಲಿಲ್ಲ ಅಂದರೆ ಸರ್ಪದೋಷ, ಮದುವೆಯಾಗಲಿಲ್ಲ ಅಂದರೆ ಸರ್ಪದೋಷ ಎಂದು ಹೆದರಿಸಿ ದಕ್ಷಿಣೆ ಎತ್ತುವ ಪುರೋಹಿತಶಾಹಿಯ ವ್ಯಾಪಾರಕ್ಕೆ ಇಷ್ಟಾದರೂ ಕಲ್ಲು ಬಿತ್ತಲ್ಲ ಎಂದು ನಮಗೆ ಸಂತೋಷವಿದೆ. ಹಾಗಾಗಿ ಈ ಚಿತ್ರಗಳನ್ನು ಶತ್ರು ಎಂದು ನಾವು ಕರೆಯುವುದಿಲ್ಲ. ನಮ್ಮ ತಕರಾರು ಬೇರೆ. ಈ ಚಿತ್ರಗಳು ನಮ್ಮಲ್ಲಿ ಹುಟ್ಟಿಸಿದ ಪ್ರೀತಿ ಯಾರನ್ನು ಹೊರಗಿಟ್ಟು ಹುಟ್ಟಿತು ಎಂಬುದು ನಮ್ಮ ತಕರಾರು.

ಹನ್ನೆರಡನೇ ಶತಮಾನದಲ್ಲಿಯೇ ಬಸವಣ್ಣನವರು ನಮ್ಮ ಜನರ ಎರಡು ಹಾವುಗಳ ಲೆಕ್ಕ ಬಿಚ್ಚಿಟ್ಟಿದ್ದರು. ಕಲ್ಲಿನ ಹಾವಿಗೆ ಹಾಲು, ಜೀವದ ಹಾವಿಗೆ ಏಟು. ಎಂಟು ಶತಮಾನ ಕಳೆದರೂ ಪಂಚಮಿಯ ದಿನ ಆ ಲೆಕ್ಕ ಬದಲಾಗಿಲ್ಲ. ಆ ಹಾಲನ್ನು ಕಲ್ಲಿಗೆ ಸುರಿಯಬೇಡಿ, ಹಸಿದ ಮಕ್ಕಳಿಗೆ ಕೊಡಿ ಎಂದು ಬಸವ ಪಂಚಮಿ ಮಾಡುವ ಗೆಳೆಯರೂ ನಮ್ಮ ನಡುವೆ ಇದ್ದಾರೆ. ಆದರೆ ಈಗ ಮೂರನೆಯ ಹಾವೊಂದು ಸೇರಿಕೊಂಡಿದೆ. ಅದು ತೆರೆಯ ಹಾವು. 1995ರಲ್ಲಿ ಡಿಸ್ಕವರಿ ಚಾನೆಲ್ ಭಾರತಕ್ಕೆ ಬಂದಮೇಲೆ ಅದು ಕೇಬಲ್ಲಿನ ಮೂಲಕ ಮನೆಮನೆಗೆ ಬಂತು. ಕಲ್ಲಿನ ಹಾವಿಗೆ ಭಕ್ತಿ ಸಿಕ್ಕಿತು, ತೆರೆಯ ಹಾವಿಗೆ ಬೆರಗು ಸಿಕ್ಕಿತು. ಜೀವದ ಹಾವು ಮಾತ್ರ ಎಂದಿನಂತೆ ಗದ್ದೆಯಲ್ಲೇ ಇದೆ, ಬರಿಗಾಲಿನವರ ಜೊತೆಗೆ.

ಬೆರಗು ತಾನಾಗಿಯೇ ಹುಟ್ಟುವುದಿಲ್ಲ. ಅದನ್ನು ಕಟ್ಟುತ್ತಾರೆ. ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡುವವರು ತಿಳಿಯಬೇಕು. 2016ರಲ್ಲಿ ಬಿಬಿಸಿಯ 'ಪ್ಲಾನೆಟ್ ಅರ್ಥ್ 2' ಸರಣಿಯಲ್ಲಿ ಗ್ಯಾಲಪಗೋಸ್ ದ್ವೀಪದ ಒಂದು ದೃಶ್ಯ ಬಂತು. ಮರಿ ಇಗುವಾನ ಓಡುತ್ತದೆ, ಬಂಡೆಯ ಸಂದಿಸಂದಿಯಿಂದ ಹಾವುಗಳು ಹೊರಟು ಅಟ್ಟಿಸಿಕೊಂಡು ಬರುತ್ತವೆ. ಜಗತ್ತೆಲ್ಲ ಉಸಿರು ಬಿಗಿಹಿಡಿದು ನೋಡಿತು. ಆಮೇಲೆ ತಯಾರಿಸಿದವರೇ ಹೇಳಿದರು: ಅದು ಒಂದೇ ಇಗುವಾನದ ಒಂದೇ ಓಟವಲ್ಲ, ಬೇರೆ ಬೇರೆ ಓಟಗಳ ತುಣುಕು ಜೋಡಿಸಿದ್ದು. ಇದು ಮೋಸ ಎಂದು ನಾವು ಅನ್ನುವುದಿಲ್ಲ. ಬಯಲಾಟದವರೂ ಹೀಗೇ ಕಟ್ಟುತ್ತಾರೆ. ಆದರೆ ಬಯಲಾಟದಲ್ಲಿ ಬಣ್ಣ ಬಳಿದುಕೊಂಡ ರಾಕ್ಷಸ ವೇಷವೆಂದು ನೋಡುವವನಿಗೆ ಗೊತ್ತಿರುತ್ತದೆ. ಇಲ್ಲಿ ಮರಿ ನಾಯಕ, ಹಾವು ಖಳ. ಮದ್ದಳೆಯ ಬದಲು ಎದೆ ಬಡಿಸುವ ವಾದ್ಯ. ಅದನ್ನು 'ನಿಸರ್ಗ' ಎಂದು ತೋರಿಸುತ್ತಾರೆ. ಹಸಿದ ಹಾವು ಊಟಕ್ಕೆ ಓಡಿತು ಎಂಬ ಸತ್ಯ ಆ ಸಂಗೀತದಲ್ಲಿ ಮುಳುಗಿಹೋಗುತ್ತದೆ.

ಹಾವಿನ ದಿನಚರಿ ಏನು? ಬಹುಪಾಲು ಹೊತ್ತು ಅಡಗಿರುವುದು, ಬಿಸಿಲು ಕಾಯಿಸುವುದು, ಸುಮ್ಮನೆ ಬಿದ್ದಿರುವುದು. ಇದನ್ನು ತೋರಿಸಿದರೆ ಜಾಹೀರಾತು ಬರುವುದಿಲ್ಲ. ಹಾಗಾಗಿ ತೆರೆಯ ಹಾವು ಸದಾ ಹೆಡೆ ಎತ್ತಿರುತ್ತದೆ, ಸದಾ ಎರಗುತ್ತಿರುತ್ತದೆ, ಸದಾ ನುಂಗುತ್ತಿರುತ್ತದೆ. 2014ರ ಡಿಸೆಂಬರಿನಲ್ಲಿ ಡಿಸ್ಕವರಿ ಚಾನೆಲ್ಲು ಒಬ್ಬನನ್ನು ಅನಕೊಂಡ ಹಾವು ಜೀವಂತ ನುಂಗುವುದನ್ನು ತೋರಿಸುತ್ತೇವೆ ಎಂದು ಡಂಗುರ ಹೊಡೆಸಿತು. ಕೊನೆಗೆ ಹಾವು ನುಂಗಲಿಲ್ಲ, ಆತ ನೋವು ತಡೆಯಲಾರದೆ ಹೊರಗೆ ಬಂದ. ಹಾವನ್ನು ಪ್ರೀತಿಸಿ ಎಂದು ಹೇಳುವ ಚಾನೆಲ್ಲೇ ಹಾವನ್ನು ಜಾತ್ರೆಯ ಡೇರೆಗೂ ಕರೆತಂದಿತು. ಒಂದು ಗಂಟೆ ಪ್ರೀತಿ, ಇನ್ನೊಂದು ಗಂಟೆ ಭಯ. ಎರಡೂ ಮಾರಾಟದ ಸರಕು.

ಇನ್ನು ಹಾವನ್ನು ಕೈಯಲ್ಲಿ ಹಿಡಿದು ಮುದ್ದಿಸುವ ನಿರೂಪಕರು. ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 1996ರಿಂದ 'ಕ್ರೊಕೊಡೈಲ್ ಹಂಟರ್' ಸರಣಿಯಲ್ಲಿ ಮೊಸಳೆಯ ಬೆನ್ನೇರಿದ, ಹಾವಿನ ಬಾಲ ಹಿಡಿದ. 2006ರಲ್ಲಿ ಸಮುದ್ರದಲ್ಲಿ ತಿರಂಡಿ ಮೀನಿನ ಮುಳ್ಳು ಚುಚ್ಚಿ ಸತ್ತ. ಅಸಹ್ಯದಿಂದ ನೋಡುತ್ತಿದ್ದ ಜೀವಗಳನ್ನು ಪ್ರೀತಿಯಿಂದ ನೋಡುವಂತೆ ಮಾಡಿದ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಇದೇ ಕೆಲಸವನ್ನು ನಮ್ಮ ಹಾವಾಡಿಗ ತಲೆತಲಾಂತರದಿಂದ ಮಾಡಿದ. ಬುಟ್ಟಿ ಹೊತ್ತು ಬಿಸಿಲಿನಲ್ಲಿ ಊರೂರು ಅಲೆದ. ಅವನ ಕೈಯಲ್ಲಿದ್ದ ಹಾವು ಹಲ್ಲು ಕಿತ್ತ, ಹಸಿದ ಹಾವು. ಅದಕ್ಕೆ ಹಿಂಸೆಯಾಗುತ್ತಿತ್ತು, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೂ ತೂಕ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಹಾವಾಡಿಗ ಅಪರಾಧಿಯಾದ. ಕ್ಯಾಮೆರಾದ ಮುಂದೆ ಹಾವು ಹಿಡಿದವ ವೀರನಾದ. ಒಬ್ಬನಿಗೆ ಪೊಲೀಸು, ಇನ್ನೊಬ್ಬನಿಗೆ ಪ್ರಾಯೋಜಕ. ಹಾವು ಒಂದೇ, ಕೈ ಬೇರೆ. ಕೈಗೂ ಜಾತಿ ಇದೆ, ಗೆಳೆಯರೆ.

ಹಾವಿನ ಬಗ್ಗೆ ನಿಜವಾದ ಜ್ಞಾನ ಯಾರ ಹತ್ತಿರ ಇತ್ತು? ಪಕ್ಕದ ತಮಿಳುನಾಡಿನ ಇರುಳರನ್ನು ನೋಡಿ. ಮಣ್ಣಿನ ಮೇಲಿನ ಗೆರೆ ನೋಡಿ ಯಾವ ಹಾವು, ಎತ್ತ ಹೋಯಿತು ಎಂದು ಹೇಳಬಲ್ಲ ಜನ. ಮೊದಲು ಚರ್ಮದ ವ್ಯಾಪಾರಿಗಳು ಅವರಿಂದ ಹಾವು ಹಿಡಿಸಿದರು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು, ಇರುಳರ ಒಲೆ ಆರಿತು. 1978ರಲ್ಲಿ ರೊಮುಲಸ್ ವಿಟೇಕರ್ ಅವರ ಜೊತೆ ಸೇರಿ ಅವರು ಸಹಕಾರ ಸಂಘ ಕಟ್ಟಿಕೊಂಡರು. ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಬಿಡುವುದು. ದೇಶದಲ್ಲಿ ಹಾವಿನ ಕಡಿತಕ್ಕೆ ಕೊಡುವ ಮದ್ದಿಗೆ ಬೇಕಾದ ವಿಷದ ಬಹುಪಾಲು ಇವರ ಕೈಯಿಂದಲೇ ಬಂತು. ಈ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡಯನ್ ಎಂಬಿಬ್ಬರು 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನವರ ಕೈಗೆ ಸಿಗದ ಹೆಬ್ಬಾವುಗಳನ್ನು ಹಿಡಿದುಕೊಟ್ಟರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಷ್ಟು ಸಾಕ್ಷ್ಯಚಿತ್ರಗಳಲ್ಲಿ ಇಂಥವರು ನಿರೂಪಕರಾಗಿ ಮಾತಾಡಿದರು? ದಾರಿ ತೋರಿಸುವ ಆಳಾಗಿ, ಹೆಸರಿಲ್ಲದ ಬೆನ್ನಾಗಿ ಚೌಕಟ್ಟಿನ ಅಂಚಿನಲ್ಲಿ ಬಂದುಹೋಗುವುದೇ ಹೆಚ್ಚು.

ನಮ್ಮ ನಾಡಿನ ಕಡೆಗೇ ಬರೋಣ. ಕರ್ನಾಟಕದ ಹಾವು ಎಂದರೆ ಜಗತ್ತಿನ ಕ್ಯಾಮೆರಾಗಳಿಗೆ ಆಗುಂಬೆಯ ಕಾಳಿಂಗ. 2005ರಲ್ಲಿ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗದ ಮೈಯೊಳಗೆ ರೇಡಿಯೋ ಇಟ್ಟು ಅದರ ಹಿಂದೆ ನಡೆದರು. ನ್ಯಾಷನಲ್ ಜಿಯೋಗ್ರಾಫಿಕ್ ಬಂತು, ಚಿತ್ರಗಳಾದವು. ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟುವ ತಾಯಿ ಹಾವು, ಬೇರೆ ಹಾವುಗಳನ್ನೇ ತಿಂದು ಬದುಕುವ ಹಾವು ಎಂದೆಲ್ಲ ನಮಗೆ ಗೊತ್ತಾಯಿತು. 1836ರಿಂದ ಒಂದೇ ಜಾತಿ ಎಂದುಕೊಂಡಿದ್ದ ಈ ಹಾವು ನಾಲ್ಕು ಜಾತಿ ಎಂದು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿದರು. ಪಶ್ಚಿಮಘಟ್ಟದ ಜಾತಿಗೆ ಇಟ್ಟ ಹೆಸರಿನಲ್ಲಿ ನಮ್ಮ 'ಕಾಳಿಂಗ' ಶಬ್ದವೇ ಕೂತಿದೆ. ವಿಜ್ಞಾನದ ಪುಸ್ತಕದಲ್ಲಿ ಒಂದು ಕನ್ನಡ ಶಬ್ದ. ನಾವು ಹೆಮ್ಮೆಪಡುತ್ತೇವೆ.

ಆದರೆ ಕಾಳಿಂಗ ಕಚ್ಚಿ ಸಾಯುವವರು ತೀರಾ ವಿರಳ. ಅದು ಕಾಡಿನ ಹಾವು, ಮನುಷ್ಯನನ್ನು ಕಂಡರೆ ದೂರ ಸರಿಯುವ ಹಾವು. ನಮ್ಮ ಜನರನ್ನು ಕೊಲ್ಲುವುದು ಕೊಳಕುಮಂಡಲ, ಕಟ್ಟುಹಾವು, ನಾಗರಹಾವು, ಗರಗಸಮಂಡಲ. ಇವು ಹೊಲದ ಹಾವು, ಬಣವೆಯ ಹಾವು, ಗುಡಿಸಲ ಗೋಡೆಯ ಸಂದಿಯ ಹಾವು. ಇವಕ್ಕೆ ಹದಿಮೂರು ಅಡಿ ಉದ್ದವಿಲ್ಲ, ಹಿನ್ನೆಲೆಗೆ ಮಂಜು ಮುಸುಕಿದ ಬೆಟ್ಟವಿಲ್ಲ. ಇವು ಬಡವರ ಹಾವು. ಬಡವರಂತೆಯೇ ಇವಕ್ಕೂ ತೆರೆಯಲ್ಲಿ ಜಾಗ ಕಡಿಮೆ. ಹಾವಿನಲ್ಲೂ ರಾಜನನ್ನು ಹುಡುಕಿ ಕ್ಯಾಮೆರಾ ಹಿಡಿಯುವ ಈ ಕಣ್ಣು ಯಾರದು? ಅರಮನೆಯ ಚರಿತ್ರೆ ಬರೆದು ಕೇರಿಯ ಚರಿತ್ರೆ ಬಿಟ್ಟ ಕಣ್ಣೇ ಇದು.

ಈಗ ಲೆಕ್ಕ ಹೇಳುತ್ತೇವೆ. 2000ದಿಂದ 2019ರವರೆಗೆ ಇಪ್ಪತ್ತು ವರ್ಷದಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ. ಸುಮಾರು ಅರ್ಧ ಸಾವುಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಅಂದರೆ ಬಿತ್ತನೆ, ನಾಟಿ, ಕಳೆ ತೆಗೆಯುವ ಕಾಲದಲ್ಲಿ. 2011ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ ನೂರಕ್ಕೆ 97 ಸಾವು ಹಳ್ಳಿಗಳಲ್ಲಿ. ನೂರಕ್ಕೆ 77 ಸಾವು ಆಸ್ಪತ್ರೆಯ ಹೊರಗೆ. ಸಿರುಗುಪ್ಪದ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಬಗ್ಗಿ ನಾಟಿ ಹಚ್ಚುವ ಹೆಣ್ಣುಮಕ್ಕಳ ಕಾಲು ಕೆಸರಿನಲ್ಲಿರುತ್ತದೆ, ಕೈಯೂ ಕೆಸರಿನಲ್ಲಿರುತ್ತದೆ. ಕುರುಗೋಡಿನ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಮೊಣಕಾಲುದ್ದ ಗಿಡದ ಬುಡ ಯಾರಿಗೂ ಕಾಣುವುದಿಲ್ಲ. ಭತ್ತ ಬಂದಲ್ಲಿ ಇಲಿ, ಇಲಿ ಬಂದಲ್ಲಿ ಹಾವು. ಭತ್ತ ಜಮೀನುದಾರನ ಕಣಜಕ್ಕೆ, ಹಾವು ಕೂಲಿಯವಳ ಕಾಲಿಗೆ. ರಾತ್ರಿ ಮಂಚವಿಲ್ಲದೆ ನೆಲದ ಮೇಲೆ ಮಲಗಿದವರ ಹಾಸಿಗೆಗೆ ಕಟ್ಟುಹಾವು ಬರುತ್ತದೆ. ಅದು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲು, ಮಾತು ತೊದಲು. ಏನಾಯಿತು ಎಂದು ತಿಳಿಯುವುದರೊಳಗೆ ಉಸಿರು ನಿಂತಿರುತ್ತದೆ.

ನಮ್ಮ ಕಡೆ ಕತ್ತಲಾದ ಮೇಲೆ ಹಾವು ಎಂದು ಬಾಯಿಬಿಟ್ಟು ಹೇಳುವುದಿಲ್ಲ, 'ಹುಳ' ಅನ್ನುತ್ತಾರೆ. "ಹುಳ ಮುಟ್ಟೈತಿ" ಅಂದರೆ ಹಾವು ಕಚ್ಚಿದೆ ಎಂದು ಅರ್ಥ. ಪೇಟೆಯಲ್ಲಿ ಕೂತು ಚಿತ್ರ ನೋಡಿದವರು ಇದನ್ನು ಮೌಢ್ಯ ಅನ್ನುತ್ತಾರೆ. ಸಾಕ್ಷ್ಯಚಿತ್ರದ ಧ್ವನಿಯೂ ಇದನ್ನೇ ನಯವಾಗಿ ಹೇಳುತ್ತದೆ: ಜನ ತಿಳಿಯದೆ ಹೆದರುತ್ತಾರೆ, ತಿಳಿಯದೆ ಕೊಲ್ಲುತ್ತಾರೆ. ಇಲ್ಲಿಯೇ ನಮ್ಮ ಜಗಳ. ಬರಿಗಾಲಿನವರ ಭಯವೆಲ್ಲ ಮೌಢ್ಯವಲ್ಲ. ಅದು ದುಡಿಮೆ ಕಲಿಸಿದ ತಿಳಿವಳಿಕೆ. ಸತ್ತವರ ಲೆಕ್ಕ ನೆನಪಿಟ್ಟ ತಿಳಿವಳಿಕೆ. ಮಂತ್ರ ಹಾಕಿಸುವುದು ಮೌಢ್ಯ. ವಿಷವಿಲ್ಲದ ಹಾವು ಕಚ್ಚಿದವನು ತಾನಾಗಿ ಬದುಕಿಕೊಂಡರೆ ಆ ಹೆಸರನ್ನು ಮಂತ್ರಗಾರ ಕಟ್ಟಿಕೊಳ್ಳುತ್ತಾನೆ, ಅದನ್ನು ನಾವು ಖಂಡಿಸುತ್ತೇವೆ. ಆದರೆ "ಕತ್ತಲಾಗ ಕಾಲಿಡಬ್ಯಾಡವ್ವ" ಎಂದು ಮಗಳಿಗೆ ಹೇಳುವ ತಾಯಿಯ ಭಯ ಮೌಢ್ಯವಲ್ಲ. ಸೋಫಾದ ಮೇಲೆ ಕೂತವನಿಗೆ ಹಾವನ್ನು ಪ್ರೀತಿಸುವುದು ಪುಕ್ಕಟೆ. ಗದ್ದೆಯಲ್ಲಿ ನಿಂತವಳು ಅದೇ ಪ್ರೀತಿಗೆ ಪ್ರಾಣದ ಬೆಲೆ ಕೊಡಬೇಕಾದೀತು. ಇಬ್ಬರಿಗೂ ಒಂದೇ ಪಾಠ ಹೇಳುವವರು ಇಬ್ಬರನ್ನೂ ಸರಿಯಾಗಿ ನೋಡಿಲ್ಲ.

ಆ ಪಾಠವಾದರೂ ಯಾವ ಭಾಷೆಯಲ್ಲಿ ಬಂತು? ಕನ್ನಡದಲ್ಲಿ 1960ರ ದಶಕದಿಂದ ಡಬ್ಬಿಂಗ್‌ಗೆ ಅಡ್ಡಿ ಇತ್ತು. ಅದರ ಹಿಂದೆ ಕನ್ನಡ ಕಲಾವಿದರ, ಸಿನಿಮಾ ಕೂಲಿಗಾರರ ಅನ್ನದ ಪ್ರಶ್ನೆ ಇತ್ತು ಎಂಬುದನ್ನು ನಾವು ಮರೆಯುವುದಿಲ್ಲ. ಆದರೆ ಸಿನಿಮಾಕ್ಕೆ ಹಾಕಿದ ಬೇಲಿ ಜ್ಞಾನಕ್ಕೂ ಬಿತ್ತು. ಡಿಸ್ಕವರಿಯ ಹಾವು ಹಿಂದಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಮಾತಾಡುತ್ತಿದ್ದ ಕಾಲದಲ್ಲಿ ಕನ್ನಡದಲ್ಲಿ ಮಾತಾಡಲಿಲ್ಲ. ಬಳ್ಳಾರಿಯವರಿಗೆ ತೆಲುಗು ನೆರೆಮನೆಯ ನುಡಿ, ಹೇಗೋ ನಡೆಯಿತು. ತೆಲುಗು ಬಾರದ ಹಾವೇರಿಯ, ಹಾಸನದ ಹಳ್ಳಿಯ ಹುಡುಗ ಏನು ಮಾಡಬೇಕಿತ್ತು? 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಡ್ಡಿ ಸರಿಯಲ್ಲ ಎಂದು ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ಹಾಕಿತು. ಆಮೇಲೂ ನೋಡಿ. 2020ರ ಜನವರಿಯಲ್ಲಿ ನಮ್ಮದೇ ಅರಣ್ಯ ಇಲಾಖೆಯ ಸಹಕಾರದಿಂದ ಅಮೋಘವರ್ಷ, ಕಲ್ಯಾಣ್ ವರ್ಮಾ ಮತ್ತು ಸಂಗಡಿಗರು ಮಾಡಿದ 'ವೈಲ್ಡ್ ಕರ್ನಾಟಕ' ಚಿತ್ರಮಂದಿರಗಳಿಗೆ ಬಂದಾಗ ಅದರ ಧ್ವನಿ ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೋ ಅವರದು. ಆ ನಿರೂಪಣೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಶ್ರದ್ಧೆಯಿಂದ ಮಾಡಿದ ಚಿತ್ರ, ದೊಡ್ಡ ಧ್ವನಿ, ನಾವು ಅಲ್ಲಗಳೆಯುವುದಿಲ್ಲ. ಆದರೆ ಕರ್ನಾಟಕದ ಕಾಡು ಕರ್ನಾಟಕದವರಿಗೆ ಮೊದಲು ಇಂಗ್ಲಿಷಿನಲ್ಲಿ ಪರಿಚಯವಾಗಬೇಕಾಯಿತು. ದನ ಕಾಯುವವನು, ಸೌದೆ ತರುವವಳು ಆ ಕಾಡನ್ನು ಕನ್ನಡದಲ್ಲಿ ಬಲ್ಲರು. ಅವರ ಧ್ವನಿ ನಿರೂಪಣೆಗೆ ಯೋಗ್ಯ ಎಂದು ಯಾರಿಗೂ ಹೊಳೆಯಲಿಲ್ಲ.

ತೆರೆಯ ಕತೆ ಹಾವು ಕಚ್ಚುವಲ್ಲಿಗೆ ಮುಗಿಯುತ್ತದೆ. ನಮ್ಮ ಜನರ ಕತೆ ಅಲ್ಲಿಂದ ಶುರುವಾಗುತ್ತದೆ. ಗಾಡಿ ಸಿಗಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇರಬೇಕು, ಮದ್ದು ಇರಬೇಕು, ಇಲ್ಲವಾದರೆ ಬಳ್ಳಾರಿಗೆ ಓಡಬೇಕು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಕರೆಂಟು ಹೋಗಿ, ವೆಂಟಿಲೇಟರ್ ಮೇಲಿದ್ದ ರೋಗಿಗಳು ಸತ್ತರೆಂದು ಮನೆಯವರು ದೂರಿದರು. ಸಾವಿಗೆ ಕರೆಂಟು ಕಾರಣವಲ್ಲ ಎಂದು ಸರ್ಕಾರ ಹೇಳಿತು, ವಿಧಾನಸಭೆಯಲ್ಲಿ ಗದ್ದಲವಾಯಿತು. ಆ ದಿನ ಸತ್ತವರಲ್ಲಿ ಒಬ್ಬ ಹೆಣ್ಣುಮಗಳು ಹಾವು ಕಚ್ಚಿಸಿಕೊಂಡು ದಾಖಲಾದವಳು ಎಂದು ಪತ್ರಿಕೆಗಳು ಬರೆದವು. ಕಾರಣದ ವಾದ ಏನೇ ಇರಲಿ, ಹಾವಿನ ಕತೆಯಲ್ಲಿ ವೆಂಟಿಲೇಟರೂ ಒಂದು ಪಾತ್ರ, ಕರೆಂಟೂ ಒಂದು ಪಾತ್ರ. ಯಾವ ವನ್ಯಜೀವಿ ಚಿತ್ರ ಆಸ್ಪತ್ರೆಯ ಆ ಕೋಣೆಗೆ ಹೊಕ್ಕಿತು?

ಹೊಕ್ಕವರು ಇಲ್ಲವೇ ಇಲ್ಲ ಎಂದರೆ ಅನ್ಯಾಯವಾದೀತು. 1980ರ ದಶಕದಲ್ಲಿಯೇ ವಿಟೇಕರ್ ಮತ್ತು ಗೆಳೆಯರು 'ಸ್ನೇಕ್‌ಬೈಟ್' ಎಂಬ ಚಿತ್ರ ಮಾಡಿದರು. ಹಾವಿನ ಕಡಿತ ತಪ್ಪಿಸಿಕೊಳ್ಳುವುದು ಹೇಗೆ, ಕಚ್ಚಿದರೆ ಏನು ಮಾಡಬೇಕು ಎಂಬುದೇ ಅದರ ವಸ್ತು. 2011ರಲ್ಲಿ ಬಿಬಿಸಿಗಾಗಿ ಅವರೇ 'ಒನ್ ಮಿಲಿಯನ್ ಸ್ನೇಕ್ ಬೈಟ್ಸ್' ಚಿತ್ರದಲ್ಲಿ ಹಾವಿನ ಜೊತೆ ಹಾವು ಕಚ್ಚಿದವರನ್ನೂ ತೋರಿಸಿದರು. ಅಂದರೆ ದಾರಿ ಇದೆ. ಹಾವನ್ನು ಪ್ರೀತಿಸುವವರೇ ಮನುಷ್ಯನ ಕಾಲನ್ನೂ ನೋಡಬಲ್ಲರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಮರೆಯಬೇಕಿಲ್ಲ.

ನಮಗೆ ಬೇಕಾದ ಚಿತ್ರ ಇಂಥದು. ಅದರಲ್ಲಿ ಕೊಳಕುಮಂಡಲ ಇರಬೇಕು, ನಾಟಿ ಹಚ್ಚುವವಳೂ ಇರಬೇಕು, ಇಬ್ಬರೂ ಬದುಕಬೇಕು. ಒಂದು ಜೋಡಿ ಗಂಬೂಟು, ಒಂದು ಬ್ಯಾಟರಿ, ಒಂದು ಮಂಚ, ಒಂದು ಸೊಳ್ಳೆಪರದೆ ಎಷ್ಟು ಜೀವ ಉಳಿಸುತ್ತವೆ ಎಂದು ಅದು ತೋರಿಸಬೇಕು. ಕಚ್ಚಿದ ಜಾಗ ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು, ಹಗ್ಗದಿಂದ ಬಿಗಿಯಬಾರದು, ಕಾಲು ಅಲ್ಲಾಡದಂತೆ ಇಟ್ಟು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂದು ನಮ್ಮ ಮಾತಿನಲ್ಲಿ ಹೇಳಬೇಕು. ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಎಂದು ಗುರುತಿಸುವ ಸಾದಾ ಪರೀಕ್ಷೆ ಹಳ್ಳಿಯ ಆಸ್ಪತ್ರೆಯಲ್ಲೂ ಆಗುತ್ತದೆ. ಆ ಇಪ್ಪತ್ತು ನಿಮಿಷ ಯಾವ ಬೇಟೆಯ ದೃಶ್ಯಕ್ಕಿಂತ ಕಡಿಮೆ? ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ, ಒಂದು ಸೀಮೆಯ ವಿಷದಿಂದ ಮಾಡಿದ ಮದ್ದು ಇನ್ನೊಂದು ಸೀಮೆಯಲ್ಲಿ ಅಷ್ಟು ನಾಟದೇ ಹೋಗಬಹುದು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಇದನ್ನೂ ಕ್ಯಾಮೆರಾ ನೋಡಲಿ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸಿದವರು ಯಾರು ಎಂದು ಆ ಪಟ್ಟಿ ಹೇಳುವುದಿಲ್ಲ, ನಮಗೆ ಗೊತ್ತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಕಡಿತವನ್ನೂ ಸಾವನ್ನೂ ಬರೆದು ಕಳಿಸಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಆಸ್ಪತ್ರೆ ಮುಟ್ಟದೆ ಸತ್ತವರನ್ನು ಬರೆಯುವವರು ಯಾರು? ಈ ಕೆಲಸ ಹಳ್ಳಿಯ ಮೇಷ್ಟರದು, ಸಂಘದ ಹುಡುಗರದು, ಆಶಾ ಕಾರ್ಯಕರ್ತೆಯರ ಜೊತೆ ನಿಂತು ನಾವೆಲ್ಲರೂ ಮಾಡಬೇಕಾದ್ದು. ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಾವಿನ ಮದ್ದು ಎಷ್ಟು ಸೀಸೆ ಇದೆ ಎಂದು ಕೇಳಿ. ಕೂಲಿಗೆ ಕರೆಯುವ ಜಮೀನುದಾರನಿಗೆ ಗಂಬೂಟು ಎಲ್ಲಿ ಎಂದು ಕೇಳಿ.

ಮೇಷ್ಟರುಗಳೆ, ಶಾಲೆಯಲ್ಲಿ ಹಾವಿನ ಚಿತ್ರ ಖಂಡಿತ ತೋರಿಸಿ. ಮಕ್ಕಳು ಬೆರಗಾಗಲಿ, ಕೇರೆ ಹಾವು ಉಳಿಯಲಿ, ಉಡ ಉಳಿಯಲಿ, ತುಂಗಭದ್ರೆಯ ಮೊಸಳೆಯೂ ಉಳಿಯಲಿ. ಚಿತ್ರ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ಈ ಚಿತ್ರದಲ್ಲಿ ಯಾರಿಲ್ಲ? ಹಿಂದಿನ ಬೆಂಚಿನಿಂದ ಯಾವುದಾದರೂ ಕೂಲಿಯವಳ ಮಗು ಎದ್ದು "ನಮ್ಮವ್ವ ಇಲ್ರಿ ಸರ್" ಅಂದರೆ, ವಿಮರ್ಶೆ ಅಲ್ಲಿಂದ ಶುರುವಾಯಿತು ಎಂದು ತಿಳಿಯಿರಿ. ಹಾವಿಗೆ ಬದುಕುವ ಹಕ್ಕಿದೆ. ಅದನ್ನು ತುಳಿಯದೆ ನಡೆಯಲು ಬೆಳಕು, ತುಳಿದರೂ ಬದುಕಲು ಮದ್ದು, ಇವು ದುಡಿಯುವವರ ಹಕ್ಕು. ಎರಡನ್ನೂ ಒಟ್ಟಿಗೆ ಕೇಳೋಣ.